ಗಡಿಯಾಚೆಯ ತಂಗಿಗೆ ಟಪಾಲು

ಎರಡು ವರ್ಷ ನಾನು ಟಪಾಲು ಮುಟ್ಟಿಸುವ ಕೆಲಸ ಮಾಡಿದ್ದೇನೆ. ಚೀಲವಾಗಲಿ ಖಾಕಿ ಅಂಗಿಯಾಗಲಿ ಇರಲಿಲ್ಲ. ಹಾನಗಲ್ಲಿನ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಉಕ್ರೇನಿನ ಒಬ್ಬ ಮುದುಕಿಯ ಮಾತನ್ನು ರಷ್ಯಾದ ಇನ್ನೊಬ್ಬ ಮುದುಕಿಗೆ ಫೋನಿನಲ್ಲಿ ದಾಟಿಸುತ್ತಿದ್ದೆ. ಅವರಿಬ್ಬರೂ ಒಡಹುಟ್ಟಿದ ಅಕ್ಕತಂಗಿಯರು. ಅವರ ಊರುಗಳ ನಡುವಿನ ದೂರ ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋದಷ್ಟು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ಅದು ನಮ್ಮ ಓಣಿಯವರೆಗೆ ಬಂದು ಹೋಗಬೇಕಿತ್ತು.

ಉಕ್ರೇನಿನಲ್ಲಿದ್ದ ಅಕ್ಕನ ಮನೆಯಲ್ಲಿ ನಾನು ನಾಲ್ಕೂವರೆ ವರ್ಷ ಬಾಡಿಗೆಗಿದ್ದೆ. ಡಾಕ್ಟರಿಕೆ ಓದಲು ಹೋಗಿದ್ದೆ. ನನ್ನ ಖೋಲಿಯಲ್ಲಿ ಸವಣೂರಿನ ಹುಡುಗಿಯೊಬ್ಬಳಿದ್ದಳು. ಅವಳ ಮನೆಯವರದು ಸವಣೂರಿನಲ್ಲಿ ಖಾರದ, ಅಂದರೆ ಕುರುಕು ತಿಂಡಿಯ, ಅಂಗಡಿ. ಊರಲ್ಲಿದ್ದಾಗ ನಮಗೆ ಪರಸ್ಪರ ಗುರುತಿರಲಿಲ್ಲ. ದಿಲ್ಲಿಯಲ್ಲಿ ವಿಮಾನ ಹತ್ತುವ ಸಾಲಿನಲ್ಲಿ ಒಬ್ಬಳು ತನ್ನ ಪೆಟ್ಟಿಗೆಯನ್ನು ಎಳೆಯುತ್ತ, "ಮುಂದ ಸರಿ ಅಂದ್ರ ಸರೀವಲ್ದು ನೋಡ ಇದು" ಎಂದು ಗೊಣಗಿದ್ದು ಕಿವಿಗೆ ಬಿತ್ತು. ತಿರುಗಿ ನೋಡಿದೆ. ಅಂದಿನಿಂದ ಒಂದೇ ತಾಟಿನಲ್ಲಿ ಉಂಡಿದ್ದೇವೆ.

ಮನೆಯ ಒಡತಿ ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತಳಾದ ಹೆಂಗಸು. ರಸ್ತೆಯ ನಡುವೆ ಹಾಸಿದ ಹಳಿಯ ಮೇಲೆ ಓಡುವ ಆ ಪುಟ್ಟ ರೈಲನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿಯೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಕೆಲಸ ಬಿಟ್ಟ ಮೇಲೂ ನಸುಕಿನ ನಾಲ್ಕಕ್ಕೆ ಎದ್ದು, ಹೋಗುವ ಕಡೆ ಎಲ್ಲೂ ಇಲ್ಲದಿದ್ದರೂ ಜಡೆ ಹೆಣೆದುಕೊಂಡು ಅಡುಗೆಮನೆಯ ಕಿಟಕಿಯಲ್ಲಿ ಕೂರುತ್ತಿದ್ದಳು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಅವಳ ಹೆಸರು ನಾಲಿಗೆಗೆ ಹೊರಳದ ಮೊದಲ ವಾರದಲ್ಲಿ ನಾನು ಹಾಗೆಂದೆ. ಅವಳಿಗೂ ಅದೇ ಒಗ್ಗಿತು. ಗೆಳತಿ ತಂದಿದ್ದ ಸವಣೂರಿನ ಖಾರವನ್ನು ಹಾಲಿಲ್ಲದ ಚಹಾದ ಜೊತೆ ತಿಂದು, ಕಣ್ಣೀರು ಒರೆಸಿಕೊಂಡು, ಮತ್ತೊಂದು ಹಿಡಿ ಕೇಳಿದವಳು ಅವಳು. ನಮಗೆ ಅಲ್ಲಿಯ ಮಾತು ಕಲಿಸಿದವಳೂ ಅವಳೇ. ಆ ಊರಿನಲ್ಲಿ ಆಗ ಹೆಚ್ಚಿನವರು ಮನೆಯಲ್ಲಿ ಆಡುತ್ತಿದ್ದುದು ರಷ್ಯನ್. ಆದರೆ ಈಗ ಅವಳ ಮಾತು ನೆನಪಾಗುವಾಗ ಅದು ನಮ್ಮ ಕಡೆಯ ಕನ್ನಡದಲ್ಲೇ ನೆನಪಾಗುತ್ತದೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ.

ರವಿವಾರ ಆ ಮನೆಗೆ ಹಬ್ಬ. ವಿದ್ಯುತ್ ತಂತಿಯ ಕೆಲಸ ಮಾಡುತ್ತಿದ್ದ ಅವಳ ಒಬ್ಬನೇ ಮಗ ಅಂದು ಊಟಕ್ಕೆ ಬರುತ್ತಿದ್ದ. ನಲವತ್ತರ ಹತ್ತಿರದವನು, ಮದುವೆಯಾಗಿರಲಿಲ್ಲ, ಮಾತು ಕಮ್ಮಿ. ಬೀಟ್‌ರೂಟಿನ ಸಾರನ್ನು ಎರಡು ಸಲ ಹಾಕಿಸಿಕೊಂಡು, ನಮ್ಮ ಖೋಲಿಯ ಬಲ್ಬು ಸರಿಮಾಡಿ ಹೋಗುತ್ತಿದ್ದ. ಊಟವಾದ ಮೇಲೆ ಆಯಿ ಸಕ್ಕರೆ ಡಬ್ಬಿಗೆ ಫೋನು ಆನಿಸಿಟ್ಟು ತಂಗಿಗೆ ಕರೆ ಮಾಡುತ್ತಿದ್ದಳು. ತಂಗಿಯನ್ನು ನಾವು ಸಣ್ಣಾಯಿ ಎಂದೆವು. ಅವಳು ಅಕ್ಕನಿಗಿಂತ ದಪ್ಪ, ಅಕ್ಕನಿಗಿಂತ ನಗೆ ಹೆಚ್ಚು, ತೊಡೆಯ ಮೇಲೆ ಯಾವಾಗಲೂ ಒಂದು ಬೆಕ್ಕು. ಸೌತೆಕಾಯಿ ಉಪ್ಪಿನಕಾಯಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂಬುದರ ಮೇಲೆ ಇಬ್ಬರೂ ನಾಲ್ಕೂ ವರ್ಷ ಜಗಳವಾಡಿದರು.

ಸಣ್ಣಾಯಿಯನ್ನು ನಾನು ಎದುರಿಗೆ ಕಂಡದ್ದು ಒಂದೇ ಸಲ. ಈಸ್ಟರ್ ಆಗಿ ಒಂದು ವಾರಕ್ಕೆ ಅಲ್ಲಿಯವರು ತಮ್ಮ ಹಿರಿಯರ ಗೋರಿಗೆ ಹೋಗಿ, ಕಸ ತೆಗೆದು, ಬಣ್ಣ ಹಚ್ಚಿ, ಅಲ್ಲಿಯೇ ಕೂತು ಉಣ್ಣುತ್ತಾರೆ. ಅಕ್ಕತಂಗಿಯರ ತಾಯಿತಂದೆಯ ಗೋರಿ ಇದ್ದುದು ಉಕ್ರೇನಿನ ಬದಿಯ ಹಳ್ಳಿಯಲ್ಲಿ, ಗಡಿಗೆ ತೀರ ಸಮೀಪ. ನನ್ನ ಎರಡನೆಯ ವರ್ಷ ಆಯಿ ನನ್ನನ್ನೂ ಕರೆದುಕೊಂಡು ಹೋದಳು. ಸಣ್ಣಾಯಿ ಗಡಿಯ ಸಾಲಿನಲ್ಲಿ ಐದು ತಾಸು ನಿಂತು ಬಂದಿದ್ದಳು. ಬಣ್ಣ ಹಚ್ಚಿದ ತತ್ತಿ, ಸಿಹಿ ಬ್ರೆಡ್ಡು, ಒಂದು ಬಾಟಲಿ. ಗೋರಿಯ ಮುಂದೆ ಒಂದು ಗ್ಲಾಸು ತುಂಬಿಸಿಟ್ಟು ಅದರ ಮೇಲೆ ಬ್ರೆಡ್ಡಿನ ತುಂಡು ಇಟ್ಟಳು. ನಮ್ಮಲ್ಲಿ ಎಡೆ ಹಿಡಿಯುತ್ತೇವೆ ಎಂದು ನಾನು ಹೇಳಿದೆ. "ಹಂಗಾದ್ರ ನೀ ನಮ್ಮಾಕಿನ" ಎಂದು ನನ್ನ ಕೈಗೂ ತತ್ತಿ ಕೊಟ್ಟಳು. ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಅಂದು ತಿಂದೆ.

ಹಿಂದಿರುಗುವ ಬಸ್ಸಿನಲ್ಲಿ ಕೇಳಿದೆ, "ಆಯಿ, ಒಂದ ಹೊಟ್ಟಿಯಾಗ ಹುಟ್ಟಿ ಬ್ಯಾರೆ ಬ್ಯಾರೆ ದೇಶದವ್ರು ಹ್ಯಾಂಗಾದ್ರಿ?"

"ಕುಂತಲ್ಲೇ ಆದ್ವಿ," ಎಂದಳು. "ಮೊದಲ ಎಲ್ಲಾ ಒಂದ ರಾಜ್ಯ ಇತ್ತು. ನಾ ಟ್ರಾಮ್ ಕೆಲಸಕ್ಕ ಈ ಊರಿಗೆ ಬಂದೆ, ಅಕಿ ಲಗ್ನ ಆಗಿ ಆ ಊರಿಗೆ ಹೋದ್ಳು. ಗೆರಿ ಇತ್ತು, ಆದ್ರ ನಕಾಶೆದಾಗಷ್ಟ ಇತ್ತು. ಒಂದಿನ ರಾಜ್ಯ ಒಡೀತು. ಗೆರಿ ನೆಲದ ಮ್ಯಾಲೆ ಬಂತು."

"ಈಗ ಮತ್ತ ಜಗಳ ಯಾಕ?"

"ನಮ್ಮ ಹಾದಿ ನಾವು ಹಿಡೀತೇವಿ ಅಂದ್ವಿ. ಆ ದೊಡ್ಡ ದೇಶದವರಿಗೆ ಸೇರಲಿಲ್ಲ. ಒಂದ ಮನ್ಯಾಗಿದ್ದವರು ಬ್ಯಾರೆ ಒಲಿ ಹೂಡಿದ್ರ ಹೊಗಿ ಯಾರ ಕಣ್ಣಿಗೆ ಹೋಗ್ತೈತಿ, ನೀನ ಹೇಳು."

ನಾವು ಅಲ್ಲಿಗೆ ಹೋಗುವ ಮೊದಲೇ ನೆರೆಯ ದೇಶ ಇವರ ಒಂದು ತುಂಡು ನೆಲವನ್ನು ತನ್ನದೆಂದು ಸೇರಿಸಿಕೊಂಡಾಗಿತ್ತು. ಪೂರ್ವದ ಅಂಚಿನಲ್ಲಿ ಕಾಳಗ ನಡೆದೇ ಇತ್ತು. ಆದರೆ ಅದು ಸುದ್ದಿಯಲ್ಲಿತ್ತು, ನಮ್ಮ ಓಣಿಯಲ್ಲಿರಲಿಲ್ಲ. ರವಿವಾರದ ಕರೆಯಲ್ಲಿ ಎಂದಾದರೂ ಸಣ್ಣಾಯಿ, "ನಾವೂ ನೀವೂ ಒಂದ. ಹೊರಗಿನವರು ಯಾರೋ ನಿಮ್ಮ ಕಿವಿ ಊದ್ಯಾರ" ಎನ್ನುತ್ತಿದ್ದಳು. ಆಯಿ, "ಒಂದ ಅಂದ್ರ ನೀ ಹೇಳಿದಂಗ ಕೇಳಬೇಕಂತ ಅರ್ಥ ಏನು?" ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಬೆಳ್ಳುಳ್ಳಿಗೆ ಮರಳುತ್ತಿದ್ದರು.

ನಮ್ಮ ಐದನೆಯ ವರ್ಷ, ಚಳಿಗಾಲದ ಕೊನೆಗೆ ಒಂದು ನಸುಕಿನಲ್ಲಿ ಕಿಟಕಿಯ ಗಾಜು ನಡುಗಿ ಎಚ್ಚರವಾಯಿತು. ಆಯಿ ಆಗಲೇ ಎದ್ದು ಕೂತಿದ್ದಳು. "ಬೂಟು ಹಾಕ್ಕೊರಿ, ನೆಲಮನಿಗೆ ಹೋಗೂಣು" ಎಂದಳಷ್ಟೆ. ಕಟ್ಟಡದ ಕೆಳಗೆ ಆಲೂಗಡ್ಡೆ, ಉಪ್ಪಿನಕಾಯಿ ಜಾಡಿ, ಹಳೆಯ ಸೈಕಲ್ಲು ಇಡುವ ನೆಲಮನೆಯಿತ್ತು. ಅಲ್ಲಿ ನಲವತ್ತು ಜನ ಒಂಬತ್ತು ದಿನ ಇದ್ದೆವು. ನನ್ನ ಗೆಳತಿ ಮೂಲೆಯಲ್ಲಿ ಜಾಡಿಗಳ ನಡುವೆ ಕಿವಿ ಮುಚ್ಚಿಕೊಂಡು ಕುಳಿತವಳು ಎದ್ದೇ ಇಲ್ಲ ಎನ್ನಬೇಕು. ಆಯಿ ಮಾತ್ರ ದಿನಕ್ಕೊಮ್ಮೆ ಮೇಲೆ ಹೋಗಿ ಗಂಜಿ ಕುದಿಸಿ ತರುತ್ತಿದ್ದಳು.

ಮೂರನೆಯ ದಿನ ಸಣ್ಣಾಯಿಯ ಕರೆ ಬಂತು. ನೆಲಮನೆಯ ಮೆಟ್ಟಿಲ ಮೇಲೆ ಮಾತ್ರ ಫೋನು ಹಿಡಿಯುತ್ತಿತ್ತು. ನಾನು ನೀರಿನ ಕ್ಯಾನು ಹಿಡಿದು ಅವಳ ಹಿಂದೆಯೇ ನಿಂತಿದ್ದೆ.

"ಹೊರಗ ಬರಬ್ಯಾಡ, ಒಂದು ವಾರದಾಗ ಮುಗೀತೈತಿ," ಎಂದಳು ಸಣ್ಣಾಯಿ. "ಮನಿಗಳ ಮ್ಯಾಲೆ ಹಾಕೂದಿಲ್ಲಂತ ಟೀವಿಯಾಗ ಹೇಳ್ಯಾರ."

ಆಯಿ ಇನ್ನೊಂದು ಮೆಟ್ಟಿಲು ಹತ್ತಿದಳು. ಫೋನನ್ನು ಮೆಟ್ಟಿಲ ಕಿಟಕಿಯ ಹೊರಗೆ ಹಿಡಿದಳು. ಹತ್ತಿರವೇ ಎಲ್ಲಿಯೋ ಬಾಂಬು ಬಿತ್ತು. ಕೈ ಒಳಗೆ ತೆಗೆದುಕೊಂಡು, "ಕೇಳಿಸ್ತ?" ಎಂದಳು.

"ಅದು ನಿಮ್ಮವರ ಹಾಕಿರಬೇಕು," ಎಂದಳು ತಂಗಿ.

ಆಯಿ ಕರೆ ಕತ್ತರಿಸಿದಳು. ನನ್ನ ಕೈಗೆ ಫೋನು ಕೊಟ್ಟು, "ಈ ನಂಬರ ಮತ್ತ ಬರದಂಗ ಮಾಡು" ಎಂದಳು. ಮಾಡಿದೆ. ತಂಗಿಯ ದಾರಿ ಮುಚ್ಚಿದವಳು ನಾನೇ, ನನ್ನ ಬೆರಳೇ.

ಹತ್ತನೆಯ ದಿನ ಸ್ಟೇಷನ್ನಿಗೆ ನಡೆದು ಹೋದೆವು. ನಮ್ಮ ಜೊತೆ ಬಾ ಎಂದು ಇಬ್ಬರೂ ಅವಳ ಕೈ ಹಿಡಿದು ಕೇಳಿದೆವು. "ಮಗ ಇಲ್ಲೇ ಅದಾನಲ್ಲ" ಎಂದಳು. ಮಗ ಅಷ್ಟರಲ್ಲಿ ಸೈನ್ಯಕ್ಕೆ ಹೆಸರು ಕೊಟ್ಟಾಗಿತ್ತು. ಬೇಯಿಸಿದ ಆಲೂಗಡ್ಡೆ ಕಟ್ಟಿಕೊಟ್ಟಳು, ತನ್ನ ಉಣ್ಣೆಯ ಕಾಲುಚೀಲ ನನಗೆ ತೊಡಿಸಿದಳು. ರೈಲಿನ ಬಾಗಿಲಲ್ಲಿ ಜನ ನೂಕುತ್ತಿದ್ದರು. ನಾನು ಕನ್ನಡದಲ್ಲಿ "ಬರ್ತೇನಿ ಆಯಿ" ಎಂದುಬಿಟ್ಟೆ. ಅವಳಿಗೆ ತಿಳಿಯಿತೋ ಇಲ್ಲವೋ, ತಲೆ ಆಡಿಸಿದಳು. ಒಂದು ದಿನವಿಡೀ ನಿಂತೇ ಪ್ರಯಾಣ ಮಾಡಿ ಇನ್ನೊಂದು ದೇಶದ ಗಡಿ ಮುಟ್ಟಿದೆವು.

ಹಾನಗಲ್ಲಿಗೆ ಬಂದಾಗ ಮನೆಯ ತುಂಬ ಜನ. ಅಪ್ಪ ಅಕ್ಕಿ ಗಿರಣಿಯನ್ನು ಎರಡು ದಿನ ನಿಲ್ಲಿಸಿದ್ದರು. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅವರು ಜಗಳಾಡಾಕತ್ತಿದ್ದು ಯಾಕ? ಅದಕ್ಕೆ ನಮ್ಮ ಓಣಿಯ ಹಿರಿಯರೊಬ್ಬರು ಉತ್ತರ ಹೇಳಿದರು. ಅವರು ಹೊಲ ಅಳೆಯುವ ಸರಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು.

"ನಾ ಮೂವತ್ತು ವರ್ಷ ಸರಪಳಿ ಹಿಡದು ಹೊಲಾ ಅಳದೇನಿ ತಂಗಿ. ಬದು ಒತ್ತಾವ ಒಂದು ಗೇಣು ಒತ್ತಿ ಸುಮ್ನ ಕುಂಡ್ರೂದಿಲ್ಲ. ಎದುರಿನವ ಬಾಯಿ ಮುಚ್ಕೊಂಡಿದ್ರ ಮತ್ತೊಂದು ಗೇಣು ಒತ್ತತಾನ. ಆದ್ರ ಅವಗ ಗೇಣು ಭೂಮಿ ಏನೂ ಮಾಡೂದಿರೂದಿಲ್ಲ. ಬಾಜೂದವ ತನ್ನ ಕೇಳಿ ನೇಗಿಲಾ ಹೂಡಬೇಕು, ಅದು ಬೇಕಾಗಿರ್ತೈತಿ."

ದಿನಪತ್ರಿಕೆಗಳಲ್ಲಿ ನಾನು ಓದಿದ ದೊಡ್ಡ ದೊಡ್ಡ ಲೇಖನಗಳಲ್ಲಿ ಎಷ್ಟೋ ಕಾರಣಗಳಿದ್ದವು. ಕೂಟಗಳು, ಒಪ್ಪಂದಗಳು, ಹಳೆಯ ಸಾಮ್ರಾಜ್ಯದ ನೆನಪು. ಎಲ್ಲ ನಿಜವೇ ಇರಬಹುದು. ನನಗೆ ಅರ್ಥವಾಗಿದ್ದು ಆಯಿಯ ಒಲೆಯ ಮಾತು ಮತ್ತು ಈ ಹಿರಿಯರ ನೇಗಿಲ ಮಾತು.

ಎಲ್ಲರೂ ನನ್ನನ್ನು ಪುಣ್ಯವಂತೆ ಎಂದರು. ನಾನು ಹೂಂ ಅಂದೆ. ಆದರೆ ನನ್ನ ಜೀವ ಅಲ್ಲಿಯೇ ಇತ್ತು. ಅವ್ವ ಮಾಡಿದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ನಾನು ಆಯಿಯ ಸಾರಿನ ಸಬ್ಬಸಿಗೆ ಸೊಪ್ಪಿನ ವಾಸನೆಗಾಗಿ ಹಂಬಲಿಸುತ್ತಿದ್ದೆ. ನಸುಕಿನ ನಾಲ್ಕಕ್ಕೆ ತಾನಾಗಿ ಎಚ್ಚರವಾಗುತ್ತಿತ್ತು. ಆಯಿ ಈಗ ಜಡೆ ಹೆಣೆಯುತ್ತಿರಬಹುದೇ, ಅಲ್ಲಿ ಈಗ ಎಷ್ಟು ಗಂಟೆ ಎಂದು ಲೆಕ್ಕ ಹಾಕುತ್ತಿದ್ದೆ. ಬಾಂಬು ಬಿದ್ದ ಊರನ್ನು ನೆನೆದು ಅಳುವುದು ನಾಚಿಕೆಯೆನಿಸಿ, ಅವ್ವ ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದೆ. ಅವ್ವ ಎರಡು ಸಲ ಅಜವಾನ ಕೊಟ್ಟಳು. ಮೂರನೆಯ ಸಲ ಕೊಡಲಿಲ್ಲ. ಹಾಲಿಲ್ಲದ ಚಹಾ ಮಾಡಿ ತಂದು ಪಕ್ಕದಲ್ಲಿ ಕುಳಿತಳು.

ಉಳಿದ ಓದನ್ನು ಮಾಳಿಗೆಯ ಮೇಲೆ ಫೋನಿನ ಮುಂದೆ ಕುಳಿತು ಮುಗಿಸಿದೆ. ನಮ್ಮ ಪ್ರೊಫೆಸರುಗಳು ನೆಲಮನೆಗಳಿಂದ ಪಾಠ ಮಾಡುತ್ತಿದ್ದರು. ಪಾಠದ ನಡುವೆ ಅಲ್ಲಿಯ ಸೈರನ್ನು ಇಲ್ಲಿ ಕೂಗುತ್ತಿತ್ತು. ಗೆಳತಿಗೆ ಅದನ್ನು ತಡೆಯಲಾಗಲಿಲ್ಲ. ಸವಣೂರಿನ ತನ್ನ ಮನೆಯಲ್ಲಿ ಸೈರನ್ನು ಕೇಳಿ ಮಂಚದ ಕೆಳಗೆ ಸೇರಿದವಳನ್ನು ಅವಳ ತಾಯಿ ಕೈ ಹಿಡಿದು ಎಳೆದು ತೆಗೆಯಬೇಕಾಯಿತು. ಇನ್ನೊಂದೂಕಾಲು ವರ್ಷ ಉಳಿದಿದ್ದ ಓದನ್ನು ಅವಳು ಬಿಟ್ಟಳು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಲಿಗೆ ಹಾಕುವ ಕೈ ಅವಳದು. ಈಗ ಶಿಗ್ಗಾಂವಿಯಲ್ಲಿ ಗಂಡನ ಮನೆಯಲ್ಲಿದ್ದು ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಆ ಯುದ್ಧದ ಖರ್ಚಿನಲ್ಲಿ ಇದನ್ನು ಯಾರೂ ಹಿಡಿಯುವುದಿಲ್ಲ.

ಆಯಿ ವಾರಕ್ಕೊಂದು ಸಂದೇಶ ಕಳಿಸುತ್ತಿದ್ದಳು. ಆದರೆ ಅವು ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ರಷ್ಯನ್ ಬಿಟ್ಟು ಉಕ್ರೇನಿಯನ್ನಿನಲ್ಲಿ ಬರೆಯತೊಡಗಿದ್ದಳು. ನನಗೆ ಕಲಿಸಿದ ಮಾತಿನಲ್ಲಿ ಬರಿ ಎಂದು ಬೇಡಿಕೊಂಡೆ. "ಆ ಭಾಷಾ ಈಗ ನನ್ನ ಬಾಯಾಗ ಬರವಲ್ದು. ಬಂದ್ರ ನಾಲಿಗಿ ಸುಟ್ಟಂಗ ಆಗ್ತೈತಿ" ಎಂದು ಬರೆದಳು. ಅರವತ್ತೆಂಟು ವರ್ಷ ಆಡಿದ ಮಾತು. ತಂಗಿಯ ಜೊತೆ ಜಗಳವಾಡಿದ ಮಾತು. ಗೆಳತಿ ಅಲ್ಲಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರಿಂದ ಉಕ್ರೇನಿಯನ್ ಕಲಿತಿದ್ದಳು. ಹಾಗಾಗಿ ಕಷ್ಟದ ಸಂದೇಶ ಬಂದಾಗಲೆಲ್ಲ ಶಿಗ್ಗಾಂವಿಯ ಬಸ್ಸು ಹತ್ತುತ್ತಿದ್ದೆ. ಫೋನಿನಲ್ಲೇ ಕಳಿಸಿದ್ದರೂ ನಡೆಯುತ್ತಿತ್ತು. ಆದರೆ ಆಯಿಯ ಮಾತನ್ನು ಇಬ್ಬರೂ ಕೂಡಿ ಓದಬೇಕು ಅನ್ನಿಸುತ್ತಿತ್ತು.

ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. "ಗೋರಿಯ ಮುಂದೆ ನಿನಗೆ ತತ್ತಿ ಕೊಟ್ಟವಳು ನಾನು, ಈ ನಂಬರು ಅಂದು ನೀನೇ ಕೊಟ್ಟದ್ದು. ನನ್ನ ಅಕ್ಕ ಬದುಕಿದ್ದಾಳೆಯೇ? ಅಷ್ಟು ಹೇಳು, ಬೇರೇನೂ ಬೇಡ."

ನಾನು ಉತ್ತರಿಸದೆ ಆಯಿಯನ್ನು ಕೇಳಿದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಬರೆದಳು: "ಅದಾಳ ಅಂತ ಹೇಳು. ಅಷ್ಟ ಹೇಳು."

ಹೇಳಿದೆ. ಅಲ್ಲಿಂದ ಟಪಾಲು ಶುರುವಾಯಿತು. ಆಯಿ ತನ್ನ ತಂಗಿಗೆ ನೇರವಾಗಿ ಬರೆಯಲಾರಳು, ನನಗೆ ಬರೆಯುವಳು. ಸಣ್ಣಾಯಿ ಉತ್ತರವನ್ನು ನನಗೆ ಕಳಿಸುವಳು. ನಾನೊಂದು ಕರಾರು ಹಾಕಿದೆ: ಯುದ್ಧದ ಮಾತು ಬೇಡ, ಆಳುವವರ ಮಾತು ಬೇಡ. ಇಬ್ಬರೂ ಒಪ್ಪಿದರು. ಮೊಣಕಾಲು ನೋವು, ಬೆಕ್ಕಿನ ಹೊಟ್ಟೆ, ಮೊದಲ ಹಿಮ, ಈ ವರ್ಷ ಸೇಬು ಹುಳಿಯಾದದ್ದು. ಯಾವುದರಲ್ಲೂ ಏನೂ ಇರಲಿಲ್ಲ. ಆದರೂ ದಿನ ತಪ್ಪಿದರೆ ಇಬ್ಬರೂ ನನ್ನನ್ನು ಕೇಳುತ್ತಿದ್ದರು.

ನಾನು ನಿಯತ್ತಿನ ಟಪಾಲಿನವಳೇನಲ್ಲ. ಒಮ್ಮೆ ಸಣ್ಣಾಯಿ, "ನಿಮ್ಮನ್ನು ಬಿಡಿಸಿದ ಮೇಲೆ ಎಲ್ಲ ಮೊದಲಿನಂತೆ ಆಗುತ್ತದೆ" ಎಂದು ಬರೆದಳು. ಆ ಸಾಲನ್ನು ತೆಗೆದುಹಾಕಿ ಉಳಿದದ್ದನ್ನು ಕಳಿಸಿದೆ. ಚಳಿಗಾಲದಲ್ಲಿ ಹನ್ನೊಂದು ದಿನ ಕರೆಂಟು, ಕಾವು ಇಲ್ಲದೆ ಕೋಟು ತೊಟ್ಟು ಮಲಗಿದ ಆಯಿ ತಂಗಿಯ ದೇಶಕ್ಕೆ ಹಿಡಿಶಾಪ ಹಾಕಿ ಬರೆದಳು. ಅದನ್ನು ಕಳಿಸಲೇ ಇಲ್ಲ. "ಆಯಿಗೆ ನೆಗಡಿ" ಎಂದು ನಾನೇ ಬರೆದೆ. ಗೆಳತಿ ಬೈದಳು.

"ಅಲ್ಲಲೇ, ಅಕಿ ಸಿಟ್ಟು ಅಕಿಗೆ ಮುಟ್ಟಬೇಕಲ್ಲ. ನೀ ಯಾಕ ನಡುವ ಜರಡಿ ಹಿಡೀತಿ?"

"ಮುಟ್ಟಿದ್ರ ಮುರೀತೈತಿ."

"ಮುರದದ್ದನ್ನ ಮುಚ್ಚಿಟ್ರ ಕೂಡೂದಿಲ್ಲ. ಎಲುಬು ಕೂಡಸೂದು ನೀನೂ ಕಲತಿ, ನಾನೂ ಕಲತೇನಿ."

ಯುದ್ಧದ ಎರಡನೆಯ ವರ್ಷ, ಅಲ್ಲಿಯ ಬೇಸಿಗೆ ಮುಗಿಯುವ ಹೊತ್ತಿಗೆ ಆಯಿಯ ಮಗ ಸತ್ತ. ಆಯಿ ನನಗೆ ಬರೆದದ್ದು ಒಂದೇ ಸಾಲು. ಅದನ್ನು ಓದಲು ಶಿಗ್ಗಾಂವಿಗೆ ಹೋಗಬೇಕಾಗಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: "ತಂಗಿಗೆ ಹೇಳಬ್ಯಾಡ. ಅಕಿಗೆ ತಿಳಿಯೂದು ನನಗ ಬ್ಯಾಡಾಗೈತಿ."

ನಾನು ಅವನ ಬಗ್ಗೆ ಎಷ್ಟು ಕಡಿಮೆ ತಿಳಿದಿದ್ದೆ ಎಂದು ಅಂದು ಗೊತ್ತಾಯಿತು. ಸಾರು ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ಬೂಟನ್ನು ಬಾಗಿಲ ಹೊರಗೇ ಬಿಡುತ್ತಿದ್ದ. ನಮ್ಮ ದೀಪಾವಳಿಗೆ ಕೇಳದೆಯೇ ಕಿಟಕಿಗೆ ಸಣ್ಣ ಬಲ್ಬುಗಳ ಸರ ಕಟ್ಟಿಕೊಟ್ಟಿದ್ದ.

ಒಂದು ತಿಂಗಳೂ ಆಗಿರಲಿಲ್ಲ, ಸಣ್ಣಾಯಿ ಬರೆದಳು. ನಾಡಿದ್ದು ಅಕ್ಕನ ಮಗ ಹುಟ್ಟಿದ ದಿನ. ಗಸಗಸೆಯ ಸುರುಳಿ ಬ್ರೆಡ್ಡು ಅವನಿಗೆ ಇಷ್ಟ, ಅಕ್ಕ ಮಾಡಿ ಕೊಡಲಿ, ನನ್ನ ಹೆಸರಿನಲ್ಲಿ ಒಂದು ತುಂಡು ಹೆಚ್ಚು ಕೊಡಲಿ. ಅದರ ಕೆಳಗೆ, ಇದು ನಿನಗೆ ಮಾತ್ರ ಎಂದು ಇನ್ನೊಂದು ಮಾತಿತ್ತು. ಅವಳ ಮಗಳ ಮಗನನ್ನು ಯುದ್ಧಕ್ಕೆ ಕರೆಸಿಕೊಂಡಿದ್ದರು. ಅವನು ಈಗ ಉಕ್ರೇನಿನ ನೆಲದ ಮೇಲೆ ಎಲ್ಲಿಯೋ ಇದ್ದ. ಅಕ್ಕನಿಗೆ ಹೇಳಬೇಡ ಎಂದಿದ್ದಳು.

ಎರಡೂ ಗುಟ್ಟು ನನ್ನ ಹೊಟ್ಟೆಯಲ್ಲಿ. ಅಂದು ಮಾಳಿಗೆಯಿಂದ ಇಳಿದು ಬಂದೆ. ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳಿಗೆ ಎಲ್ಲ ಹೇಳಿದೆ. ನೆಲಮನೆ, ಮುಚ್ಚಿದ ನಂಬರು, ಬಚ್ಚಿಟ್ಟ ಸಾಲುಗಳು, ಸತ್ತ ಮಗ, ಹೋದ ಮೊಮ್ಮಗ. ಅವ್ವ ಮೊರದಲ್ಲಿದ್ದ ಅಕ್ಕಿಯನ್ನೆಲ್ಲ ಆರಿಸಿ ಮುಗಿಸಿದಳು.

"ಅಕಿ ಅವನ ಚಿಕ್ಕವ್ವ ಹೌದಿಲ್ಲೋ?" ಎಂದಳು ಕೊನೆಗೆ.

"ಹೌದು."

"ಹಂಗಾದ್ರ ಅಳೂ ಹಕ್ಕು ಅಕಿಗೂ ಐತಿ. ಸತ್ತ ಸುದ್ದಿ ಮುಚ್ಚಿಡಬಾರದವ್ವಾ. ಸತ್ತಾವ ಬದುಕ್ಯಾನಂತ ತಿಳದು ರೊಟ್ಟಿ ಕಳಸೂದು ಅಂದ್ರೇನು? ನೀ ಹೇಳಬ್ಯಾಡ. ಆದ್ರ ಅಕ್ಕಗ ಹೇಳು, ಹೇಳಂತ."

ಅವ್ವನ ಮಾತನ್ನು ಅವ್ವನ ಹೆಸರಿನಲ್ಲಿಯೇ ಆಯಿಗೆ ಕಳಿಸಿದೆ. ಉಕ್ರೇನಿಯನ್ನಿಗೆ ತಿರುಗಿಸಿದ್ದು ಗೆಳತಿ. "ಅಳುವ ಹಕ್ಕು" ಎಂಬುದಕ್ಕೆ ಮಾತು ಸಿಗದೆ ಶಾಲೆಯ ಖಾಲಿ ತರಗತಿಯಲ್ಲಿ ಕೂತು ಮೂರು ಸಲ ಬರೆದು ಅಳಿಸಿದಳು.

ಒಂದು ವಾರದ ಮೇಲೆ ಆಯಿ ತಂಗಿಗಾಗಿ ಧ್ವನಿ ಸಂದೇಶ ಕಳಿಸಿದಳು. ದಾಟಿಸುವ ಮೊದಲು ನಾನು ಕೇಳಿದೆ. ಕೇಳಬಾರದಿತ್ತು, ಕೇಳಿದೆ. ಆಯಿ ರಷ್ಯನ್ನಿನಲ್ಲಿ ಮಾತಾಡಿದ್ದಳು. ತಂಗಿಯನ್ನು ಚಿಕ್ಕಂದಿನ ಮುದ್ದಿನ ಹೆಸರಿನಿಂದ ಕರೆದು, ಮಗನ ಹೆಸರು ಹೇಳಿ, "ಇಲ್ಲ" ಎಂದಿದ್ದಳು. ಆಮೇಲೆ ಅರ್ಧ ನಿಮಿಷ ಉಸಿರಾಟವಷ್ಟೇ ಇತ್ತು. ಹಾಗೆಯೇ ದಾಟಿಸಿದೆ. ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಸಣ್ಣಾಯಿಯ ಉತ್ತರ ಅದೇ ಸಂಜೆ ಬಂತು. ಅತ್ತಳು, ಅವನನ್ನು ತೊಟ್ಟಿಲಲ್ಲಿ ತೂಗಿದ್ದು ಹೇಳಿ ಅತ್ತಳು. ಕೊನೆಗೆ ತನ್ನ ಮೊಮ್ಮಗನ ಸುದ್ದಿಯನ್ನೂ ತಾನೇ ಹೇಳಿದಳು. "ಅವ ಎಲ್ಲಿ ಅದಾನ ನನಗ ಗೊತ್ತಿಲ್ಲಕ್ಕಾ. ಅವನ ಕೈಯಾಗ ಏನೈತಿ, ಏನು ಮಾಡಾಕತ್ಯಾನ, ಏನೂ ಗೊತ್ತಿಲ್ಲ." ಅದನ್ನೂ ದಾಟಿಸಿದೆ.

ಆಯಿ ಐದು ತಿಂಗಳು ಬರೆಯಲಿಲ್ಲ. ನನಗೂ ಇಲ್ಲ. ದಿನಾ ಆ ಊರಿನ ಸುದ್ದಿ ಹುಡುಕುತ್ತಿದ್ದೆ. ಬಾಂಬು ಬಿದ್ದ ಕಟ್ಟಡಗಳ ಚಿತ್ರ ದೊಡ್ಡದು ಮಾಡಿ, ನಮ್ಮ ಅಡುಗೆಮನೆಯ ನೀಲಿ ಪರದೆ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಸಣ್ಣಾಯಿ ವಾರಕ್ಕೊಮ್ಮೆ ಒಂದೇ ಪದ ಕಳಿಸುತ್ತಿದ್ದಳು: "ಬಂತೇ?" ನಾನು "ಇಲ್ಲ" ಎನ್ನುತ್ತಿದ್ದೆ.

ಹಿಮ ಕರಗುವ ಕಾಲಕ್ಕೆ ಆಯಿಯ ಸಂದೇಶ ಬಂತು. ತಂಗಿಗೆ ಹೇಳು ಎಂದು ಬರೆದಿದ್ದಳು: "ನಿನ್ನ ಮೊಮ್ಮಗ ಸಣ್ಣಾವಿದ್ದಾಗ ಅವನ್ನ ನನ್ನ ಟ್ರಾಮಿನಾಗ ಕುಂಡ್ರಿಸಿಕೊಂಡು ಊರೆಲ್ಲಾ ಸುತ್ತಿಸೇನಿ. ಘಂಟಿ ಬಾರಿಸಾಕ ಕೊಟ್ಟೇನಿ. ಅವ ಉಳೀಲಿ. ಆದ್ರ ನಮ್ಮ ನೆಲಾ ಬಿಟ್ಟು ಹೋಗ್ಲಿ."

ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಗೆಳತಿ ಅದನ್ನು ಓದಿ ಹೇಳಿದಳು. ಹುಬ್ಬಳ್ಳಿಯ ಬಸ್ಸು ಬಂದು ಜನ ಇಳಿದು ಹೋದರು. ನಾವಿಬ್ಬರೂ ಕೂತೇ ಇದ್ದೆವು. ಈ ಯುದ್ಧದ ಬಗ್ಗೆ ನಾನು ಓದಿದ, ಕೇಳಿದ ಯಾವ ಮಾತೂ ಇಷ್ಟು ನೇರವಾಗಿರಲಿಲ್ಲ. ಅದರಲ್ಲಿ ಕ್ಷಮೆಯಿರಲಿಲ್ಲ. ದ್ವೇಷವನ್ನು ಹುಡುಕಿದರೆ ಅದೂ ಸಿಗಲಿಲ್ಲ.

ಮೊಮ್ಮಗ ಉಳಿದ. ಒಂದು ಕಾಲು ಕಳೆದುಕೊಂಡು ಆ ವರ್ಷದ ಚಳಿಗಾಲಕ್ಕೆ ಮನೆಗೆ ಬಂದ. ಸಣ್ಣಾಯಿ ಅದನ್ನು ತಿಳಿಸಿದಾಗ ಆಯಿ, ಕಾಲಿನ ಗಾಯ ಆರಿದೆಯೇ ಎಂದು ಡಾಕ್ಟರಾದ ನನ್ನನ್ನು ಕೇಳಿದಳು. ಗಾಯ ತೊಳೆಯುವ ರೀತಿ, ಕಟ್ಟು ಕಟ್ಟುವ ರೀತಿ ನಾನು ಬರೆದು ಕಳಿಸಿದೆ. ಅದಾಗಿ ಕೆಲವು ದಿನಕ್ಕೆ ಆಯಿ ನನಗೆ ಕರೆ ಮಾಡಿ, "ಮುಚ್ಚಿದ ನಂಬರ ತೆಗಿಯೂದು ಹ್ಯಾಂಗ?" ಎಂದಳು. ಯಾವ ಗುಂಡಿ ಒತ್ತಬೇಕೆಂದು ಒಂದೊಂದಾಗಿ ಹೇಳಿದೆ. ನನ್ನ ಟಪಾಲಿನ ಕೆಲಸ ಅಲ್ಲಿಗೆ ಮುಗಿಯಿತು.

ಅವರು ರಾಜಿಯಾದರು ಎಂದು ನಾನು ಹೇಳಲಾರೆ. ಮಾತಾಡುತ್ತಾರೆ, ಅಷ್ಟೆ. ಕೆಲವೊಮ್ಮೆ ಎರಡೇ ನಿಮಿಷಕ್ಕೆ ಒಬ್ಬಳು ಕತ್ತರಿಸುತ್ತಾಳಂತೆ. ಆಯಿ ಉಕ್ರೇನಿಯನ್ನಿನಲ್ಲೇ ಆಡುತ್ತಾಳೆ, ಸಣ್ಣಾಯಿ ರಷ್ಯನ್ನಿನಲ್ಲಿ ಉತ್ತರ ಕೊಡುತ್ತಾಳೆ. ಗೋರಿಗಳಿರುವ ಹಳ್ಳಿಯ ಸುತ್ತ ನೆಲಬಾಂಬು ಹುಗಿದಿದ್ದಾರೆ, ಅಲ್ಲಿಗೆ ಯಾವ ಕಡೆಯಿಂದಲೂ ಯಾರೂ ಹೋಗುವಂತಿಲ್ಲ. ಆಯಿಯ ಮಗನನ್ನು ಊರಿನ ಹೊಸ ಸ್ಮಶಾನದಲ್ಲಿ ಹೂಳಿದ್ದಾರೆ. ಅಲ್ಲಿಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು. ಯುದ್ಧ ಇನ್ನೂ ನಡೆದಿದೆ.

ನಾನು ಎರಡು ವರ್ಷದ ತರಬೇತಿ ಮುಗಿಸಿ ಹಿರೇಕೆರೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ರಟ್ಟೀಹಳ್ಳಿಯ ಕಡೆಯಿಂದ ಬರುವ ಅಜ್ಜಿಯರು ಮೊಣಕಾಲು ತೋರಿಸಿ, "ನಿನ್ನ ಕೈ ಛಲೋ ಐತಿ ತಂಗಿ" ಎಂದಾಗ ಗೆಳತಿ ನೆನಪಾಗುತ್ತಾಳೆ. ಅವಳ ಕೈ ಇದಕ್ಕಿಂತ ಛಲೋ ಇತ್ತು. ಆ ಊರಿಗೆ ಈಗ ವಿಮಾನವಿಲ್ಲ. ಹೋಗುವೆನೆಂದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ.

ಹೋದ ರವಿವಾರ ಮಧ್ಯಾಹ್ನ ರೋಗಿಗಳು ಕಮ್ಮಿಯಿದ್ದರು. ಆಯಿಗೆ ಕರೆ ಮಾಡಿದೆ. ಅವಳ ಫೋನು ಬೇರೊಂದು ಕರೆಯಲ್ಲಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ, ಆಗಲೂ ಹಾಗೆಯೇ. ನರ್ಸಮ್ಮ ಬಾಗಿಲಲ್ಲಿ ಇಣುಕಿ, "ಪೇಷಂಟ್ ಬಂದಾರ್ರೀ ಮೇಡಂ, ಒಳಗ ಕಳಸ್ಲೇನ್ರಿ?" ಎಂದರು. ಕಳಿಸ್ರಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟೆ.